ವೆಲಿಂಗ್ಟನ್ನಿನ ಗೋಲ್‌ಕೀಪರ್

1955ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡ ಭಾರತೀಯ ವಾಯುಪಡೆಯ ತಂಡವನ್ನು 3-2ರಿಂದ ಸೋಲಿಸಿತು. ಪಂದ್ಯ ನಡೆದದ್ದು ದೆಹಲಿಯಲ್ಲಿ. ಗೆದ್ದವರು ಬಂದದ್ದು ನೀಲಗಿರಿಯಿಂದ, ಕುನ್ನೂರಿಗೆ ಅಂಟಿಕೊಂಡಂತಿರುವ ವೆಲಿಂಗ್ಟನ್ ದಂಡಿನಿಂದ. ಆ ಪಟಾಲಮಿನಲ್ಲಿ ಸೈನಿಕನಾಗಿ ಸೇರಿ ಎರಡು ವರ್ಷವಾಗಿದ್ದ, ಇಪ್ಪತ್ತರ ಆಸುಪಾಸಿನ ಒಬ್ಬ ಎತ್ತರದ ಹುಡುಗ ಆ ಕಾಲದಲ್ಲೇ ದೇಶದ ಕಣ್ಣಿಗೆ ಬಿದ್ದ. ಹೆಸರು ಪೀಟರ್ ತಂಗರಾಜ್. ಮುಂದೆ ಮೂರೇ ವರ್ಷಗಳಲ್ಲಿ ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಎಂದು ಅವರನ್ನು ಕರೆದರು.

ಈ ಗೆಲುವನ್ನು ಕ್ರೀಡಾಪುಟದ ಒಂದು ಸಾಲಾಗಿ ಓದಿ ಮುಂದೆ ಹೋಗುವುದು ನನಗೆ ಸಾಧ್ಯವಾಗಿಲ್ಲ. ಅದರ ಹಿಂದೆ ಅರವತ್ತು ಎಪ್ಪತ್ತು ವರ್ಷಗಳ ಒಂದು ಅವಮಾನವಿದೆ.

ಡ್ಯುರಾಂಡ್ ಕಪ್ ಶುರುವಾದದ್ದು 1888ರಲ್ಲಿ, ಶಿಮ್ಲಾದಲ್ಲಿ. ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿ ಮಾರ್ಟಿಮರ್ ಡ್ಯುರಾಂಡ್ ಅದನ್ನು ಆರಂಭಿಸಿದರು. ಅಫ್ಘಾನಿಸ್ತಾನದ ಗಡಿಗೆ 1893ರಲ್ಲಿ ಗೆರೆ ಎಳೆದವರೂ ಇವರೇ. ಆಟ ಇದ್ದದ್ದು ಗೋರ ಪಟಾಲಮುಗಳ ಮನರಂಜನೆಗೆ, ಅವರ ದೇಹಶ್ರಮಕ್ಕೆ. ಅರ್ಧ ಶತಮಾನದವರೆಗೆ ಕಪ್ಪು ಒಂದು ಬ್ರಿಟಿಷ್ ರೆಜಿಮೆಂಟಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಹೋಯಿತು. 1940ರಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ದೆಹಲಿಯಲ್ಲಿ ರಾಯಲ್ ವಾರಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದಾಗಲೇ ಮೊದಲ ಬಾರಿಗೆ ಭಾರತೀಯ ತಂಡವೊಂದರ ಹೆಸರು ಅದರ ಮೇಲೆ ಬಿತ್ತು.

ಡ್ಯುರಾಂಡ್ ಸಾಹೇಬರು ಶಿಮ್ಲಾದಲ್ಲಿ ಕಪ್ಪು ಹೂಡಿದ ಆ ವರ್ಷ, ಅದೇ ಗಿರಿಧಾಮದಲ್ಲಿ ಇಂಡಿಯಾದ ಸೇನಾ ಮುಖ್ಯಸ್ಥರಾಗಿ ಕೂತಿದ್ದವರು ಫ್ರೆಡರಿಕ್ ರಾಬರ್ಟ್ಸ್. ಅದಕ್ಕೂ ಮುಂಚೆ, 1881ರಿಂದ 1885ರವರೆಗೆ, ಅವರು ಮದ್ರಾಸ್ ಸೇನೆಯ ಮುಖ್ಯಸ್ಥರಾಗಿದ್ದರು. ದಕ್ಷಿಣದವರು ಯುದ್ಧಕ್ಕೆ ಒದಗುವ ಜನ ಅಲ್ಲ, ಸೈನ್ಯ ಕಟ್ಟಬೇಕಾದರೆ ಉತ್ತರದ ಕೆಲವು ಜನಾಂಗಗಳಿಂದಲೇ ಕಟ್ಟಬೇಕು ಎಂಬ ಸಿದ್ಧಾಂತಕ್ಕೆ ಅವರಷ್ಟು ಬಲ ಕೊಟ್ಟವರು ಮತ್ತೊಬ್ಬರಿಲ್ಲ. ಹೈದರ್, ಟಿಪ್ಪು, ಮರಾಠರು, ಬರ್ಮಾ, ಚೀನಾ ಎಂದು ಕಂಪನಿ ಹೇಳಿದ ಕಡೆಯೆಲ್ಲ ಹೋಗಿ ಹೋರಾಡಿದ್ದ ಮದ್ರಾಸ್ ಸಿಪಾಯಿಗಳ ಪಟಾಲಮುಗಳನ್ನು ಒಂದೊಂದಾಗಿ ಮುಚ್ಚಲಾಯಿತು. ಅವುಗಳ ಜಾಗದಲ್ಲಿ ಉತ್ತರದವರ ಭರ್ತಿ ನಡೆಯಿತು. 1920ರ ದಶಕ ಮುಗಿಯುವ ವೇಳೆಗೆ ಮದ್ರಾಸ್ ರೆಜಿಮೆಂಟು ಎಂಬುದೇ ಇಲ್ಲವಾಗಿತ್ತು.

ಅದನ್ನು ಮತ್ತೆ ಎಬ್ಬಿಸಿದ್ದು ಎರಡನೆಯ ಮಹಾಯುದ್ಧ. ಜನ ಬೇಕಾದಾಗ ಸಿದ್ಧಾಂತವನ್ನು ಬದಿಗಿಟ್ಟರು. ಕೊಯಮತ್ತೂರಿನ ಹತ್ತಿರ ಮದುಕ್ಕರೈಯಲ್ಲಿ 1942ರಲ್ಲಿ ತರಬೇತಿ ಕೇಂದ್ರ ತೆರೆಯಿತು. 1947ರಲ್ಲಿ ಆ ಕೇಂದ್ರ ಬೆಟ್ಟ ಹತ್ತಿ ವೆಲಿಂಗ್ಟನ್‌ಗೆ ಬಂತು. ಸ್ವಾತಂತ್ರ್ಯದ ನಂತರ ತಿರುವಾಂಕೂರಿನ ನಾಯರ್ ಪಡೆ, ಮೈಸೂರು ಮಹಾರಾಜರ ಪದಾತಿ ಪಡೆ ಎಲ್ಲವೂ ಇದೇ ರೆಜಿಮೆಂಟಿಗೆ ಬಂದು ಸೇರಿದವು. ಮೈಸೂರಿನ ಒಂದನೇ ಪದಾತಿದಳ 18ನೇ ಮದ್ರಾಸ್ ಬೆಟಾಲಿಯನ್ ಆಯಿತು. ಈಗಲೂ ಅದರ ಹೆಸರಿನ ಜೊತೆಗೆ ಮೈಸೂರು ಇದೆ. ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡಿಗರು ಒಂದೇ ಲೈನಿನಲ್ಲಿ ಮಲಗಿ, ಒಂದೇ ಮೆಸ್ಸಿನಲ್ಲಿ ಉಂಡು ತಯಾರಾದ ಪಟಾಲಂ ಇದು. ಸೈನ್ಯದಲ್ಲಿ ಇವರನ್ನು ಪ್ರೀತಿಯಿಂದ ಕರೆಯುವುದು ‘ತಂಬಿ’ ಎಂದು.

ವೆಲಿಂಗ್ಟನ್ ಮೊದಲು ಜಗತಳ. ಪಕ್ಕದ ಬಡಗರ ಹಟ್ಟಿಗೆ ಈಗಲೂ ಅದೇ ಹೆಸರು. ಬ್ರಿಟಿಷರು 1850ರ ದಶಕದಲ್ಲಿ ಕಾಯಿಲೆ ಬಿದ್ದ ಗೋರ ಸಿಪಾಯಿಗಳು ತಂಪಿನಲ್ಲಿ ಸುಧಾರಿಸಿಕೊಳ್ಳಲೆಂದು ಇಲ್ಲಿ ದೊಡ್ಡ ಬ್ಯಾರಕ್ಕು ಕಟ್ಟಿ, ಊರಿಗೆ ತಮ್ಮ ಡ್ಯೂಕ್ ಒಬ್ಬರ ಹೆಸರಿಟ್ಟರು. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ, ಮಸಿನಗುಡಿಯ ಕಾಡಿನಿಂದ ಕಲ್ಲಟ್ಟಿ ಏರು ಹತ್ತಿ ಉದಕಮಂಡಲಕ್ಕೆ ಹೋಗುವ ನಮ್ಮ ಪ್ರವಾಸಿಗಳು ಅಲ್ಲಿಂದ ಕುನ್ನೂರಿಗೆ ಇಳಿಯುವಾಗ ಈ ದಂಡನ್ನು ಹಾದೇ ಹೋಗುತ್ತಾರೆ. ಪುಟಾಣಿ ರೈಲಿಗೂ ಇಲ್ಲೊಂದು ನಿಲ್ದಾಣವಿದೆ, ಕುನ್ನೂರಿಗೂ ಮದ್ದಿನ ಕಾರ್ಖಾನೆಯ ಅರವಂಕಾಡಿಗೂ ನಡುವೆ. ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರ. ಗಾಳಿ ತೆಳು, ಮಂಜು ಯಾವಾಗ ಇಳಿಯುತ್ತದೋ ಹೇಳಲಾಗದು. ತೆಳುಗಾಳಿಯಲ್ಲಿ ಒದ್ದ ಚೆಂಡು ಬಯಲುಸೀಮೆಗಿಂತ ಹೆಚ್ಚು ದೂರ ಹಾರುತ್ತದೆ; ಅದರ ಹಿಂದೆ ಓಡುವವನ ಎದೆಗೂಡು ಮಾತ್ರ ಹೆಚ್ಚು ಕೆಲಸ ಮಾಡಬೇಕು. ಅಲ್ಲಿ ವರ್ಷಗಟ್ಟಲೆ ಓಡಿದ ಹುಡುಗರಿಗೆ ದೆಹಲಿಯ ಚಳಿಗಾಲದ ಬಯಲು ಹಗುರ ಅನ್ನಿಸಿರಲೇಬೇಕು ಎಂಬುದು ನನ್ನ ಊಹೆ.

ತಂಗರಾಜ್ ನೀಲಗಿರಿಯಲ್ಲಿ ಹುಟ್ಟಿದವರಲ್ಲ. 1935ರ ಡಿಸೆಂಬರ್ 24ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಸಿಕಂದರಾಬಾದಿನ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಕ್ಲಬ್ಬುಗಳಲ್ಲಿ ಆಡಿ ಬೆಳೆದರು. ಸಿಕಂದರಾಬಾದೂ ದಂಡೇ. ದಕ್ಷಿಣದ ಫುಟ್‌ಬಾಲಿನ ಚರಿತ್ರೆಯನ್ನು ಬರೆಯ ಹೊರಟರೆ ಪ್ರತಿಯೊಂದು ಅಧ್ಯಾಯವೂ ಒಂದು ದಂಡಿನಲ್ಲಿ ಶುರುವಾಗುತ್ತದೆ: ಬೆಂಗಳೂರಿನ ಹಲಸೂರು, ಸಿಕಂದರಾಬಾದು, ವೆಲಿಂಗ್ಟನ್. ಸಿಪಾಯಿಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಕೂಲಿ, ಅಡುಗೆ, ಕುದುರೆಲಾಯದ ಕೆಲಸದವರ ಮಕ್ಕಳು ಬರಿಗಾಲಲ್ಲಿ ಅದೇ ಆಟವನ್ನು ಕಲಿತರು. ಹಲಸೂರಿನ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧರ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿರುವುದಕ್ಕೆ ಇದೇ ಹಿನ್ನೆಲೆ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೋರ ಪಟಾಲಮುಗಳ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು.

1953ರಲ್ಲಿ ತಂಗರಾಜ್ ಸೈನ್ಯ ಸೇರಿ ವೆಲಿಂಗ್ಟನ್‌ಗೆ ಬಂದರು. ಆಗ ಅವರು ಆಡುತ್ತಿದ್ದದ್ದು ಸೆಂಟರ್ ಫಾರ್ವರ್ಡ್ ಆಗಿ, ಗೋಲು ಹೊಡೆಯುವವರಾಗಿ. ಗೋಲು ಕಾಯುವುದಕ್ಕೆ ಬದಲಾದದ್ದು ಪಟಾಲಮಿನ ತಂಡದಲ್ಲೇ. ಆರಡಿಗೂ ಮಿಕ್ಕಿದ ಎತ್ತರ, ಉದ್ದನೆಯ ಕೈ. ಎತ್ತರಕ್ಕೆ ಬಂದ ಚೆಂಡನ್ನು ತಲೆಗಳ ಮೇಲಿನಿಂದ ಕಿತ್ತು ತೆಗೆಯುವುದರಲ್ಲಿ ಆ ಕಾಲದ ಭಾರತದಲ್ಲಿ ಅವರಿಗೆ ಸಮನಾದವರಿರಲಿಲ್ಲ. ಫಾರ್ವರ್ಡ್ ಆಗಿದ್ದ ಕಾಲಿನ ಬಲವೂ ವ್ಯರ್ಥವಾಗಲಿಲ್ಲ. ಅವರ ಗೋಲ್ ಕಿಕ್ಕು ಮೈದಾನದ ಅರ್ಧವನ್ನು ದಾಟಿ ಎದುರಾಳಿಯ ಅಂಗಳಕ್ಕೆ ಬೀಳುತ್ತಿತ್ತು. ಹೀಗೆ ಒಬ್ಬ ಹುಡುಗನ ಜಾಗ ಬದಲಿಸಲು ಅವಕಾಶ, ಸಮಯ, ಹೊಟ್ಟೆಗೆ ಊಟ ಎಲ್ಲವನ್ನೂ ಕೊಡುವ ವ್ಯವಸ್ಥೆ ಆಗಿನ ದಕ್ಷಿಣದಲ್ಲಿ ಸೈನ್ಯ, ಪೊಲೀಸ್, ರೈಲ್ವೆ ಬಿಟ್ಟರೆ ಎಲ್ಲಿತ್ತು?

ಸ್ವಾತಂತ್ರ್ಯದ ನಂತರ ಡ್ಯುರಾಂಡ್ 1950ರಲ್ಲಿ ಮತ್ತೆ ಆರಂಭವಾಗಿತ್ತು. ಮೊದಲ ಐದು ವರ್ಷ ಕಪ್ಪು ಹೈದರಾಬಾದ್ ಪೊಲೀಸ್, ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಈ ಮೂವರ ನಡುವೆಯೇ ಇತ್ತು. ಆರನೆಯ ವರ್ಷ ಮದ್ರಾಸಿನ ತಂಬಿಗಳು ಗೆದ್ದರು. ಗೋರ ಸೈನಿಕರಿಗಾಗಿ ಹುಟ್ಟಿದ ಕಪ್ಪನ್ನು ಭಾರತೀಯ ಭೂಸೇನೆಯ ತಂಡವೊಂದು ಗೆದ್ದದ್ದು ಅದೇ ಮೊದಲು. ಸಿಖ್ಖರಲ್ಲ, ಗೂರ್ಖರಲ್ಲ, ಪಠಾಣರಲ್ಲ. ಯುದ್ಧಕ್ಕೆ ಲಾಯಕ್ಕಿಲ್ಲವೆಂದು ರಾಬರ್ಟ್ಸ್ ಸಾಹೇಬರು ಬರೆದು ಹಾಕಿದ್ದ ಜನ. 1958ರಲ್ಲಿ ಅದೇ ತಂಡ ಮತ್ತೆ ಫೈನಲ್ ತಲುಪಿ ಗೂರ್ಖಾ ಬ್ರಿಗೇಡನ್ನು 2-0ರಿಂದ ಸೋಲಿಸಿತು. ಆ ಪಂದ್ಯದ ಎದುರಾಳಿಯ ಹೆಸರನ್ನು ಇನ್ನೊಮ್ಮೆ ಓದಿ. ವೀರರ ಪಟ್ಟಿಯಲ್ಲಿ ಬ್ರಿಟಿಷರು ಮೊದಲ ಸಾಲಿನಲ್ಲಿ ಇಟ್ಟಿದ್ದವರು ಗೂರ್ಖರು.

ಎರಡು ಡ್ಯುರಾಂಡ್‌ಗಳ ನಡುವೆ 1956ರ ಮೆಲ್ಬೋರ್ನ್ ಒಲಿಂಪಿಕ್ಸ್ ಬಂತು. ಭಾರತ ತಂಡದ ಇಬ್ಬರು ಗೋಲ್‌ಕೀಪರ್‌ಗಳಲ್ಲಿ ತಂಗರಾಜ್ ಒಬ್ಬರು, ಬೊಂಬಾಯಿಯ ಎಸ್.ಎಸ್. ನಾರಾಯಣ್ ಇನ್ನೊಬ್ಬರು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಮೊದಲ ಸುತ್ತಿನಲ್ಲಿ ಹಂಗೆರಿ ಬರಲಿಲ್ಲ. ಎರಡನೆಯದರಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದರು, ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶ ಭಾರತವಾಯಿತು. ಅಲ್ಲಿ ಯುಗೊಸ್ಲಾವಿಯ 4-1ರಿಂದ ಗೆದ್ದಿತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ. ಆ ತಂಡದ ಮಧ್ಯಭಾಗದಲ್ಲಿ ಬೆಂಗಳೂರಿನ ಕೆಂಪಯ್ಯ ಆಡಿದರು ಎಂಬುದನ್ನು ಕನ್ನಡದ ಓದುಗರಿಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ನಾವು ಅವರನ್ನು ಮರೆತೇಬಿಟ್ಟಿದ್ದೇವೆ.

ನಾಲ್ಕು ವರ್ಷದ ನಂತರ ರೋಮ್ ಒಲಿಂಪಿಕ್ಸ್. ಗೋಲಿನಲ್ಲಿ ತಂಗರಾಜ್. ಯೂರೋಪಿನ ನೆಲದಲ್ಲಿ ಅವರ ದೊಡ್ಡ ಪರೀಕ್ಷೆ ಅದು, ಎದುರಾಳಿಗಳೂ ಸಾಮಾನ್ಯರಲ್ಲ. ಫ್ಲೋರಿಯನ್ ಆಲ್ಬರ್ಟ್ ಇದ್ದ ಹಂಗೆರಿ ಗೆದ್ದದ್ದು 2-1ರಿಂದ ಮಾತ್ರ. ಫ್ರಾನ್ಸಿನ ಮೇಲೆ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದು ಭಾರತ ಮುಂದಿತ್ತು. ಆಟ ಮುಗಿಯಲು ಹತ್ತು ನಿಮಿಷವೂ ಇಲ್ಲದಾಗ ಫ್ರಾನ್ಸ್ ಸಮ ಮಾಡಿಕೊಂಡು 1-1. ಕೊನೆಗೆ ಪೆರು 3-1ರಿಂದ ಸೋಲಿಸಿತು. ಗುಂಪಿನಲ್ಲಿ ಕೊನೆಯ ಸ್ಥಾನವೇ ಸಿಕ್ಕಿತು, ನಿಜ. ಆದರೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತು ಬಂದಿದ್ದ ದೇಶ ಎಂಟು ವರ್ಷದಲ್ಲಿ ಎಲ್ಲಿಗೆ ಬಂದು ನಿಂತಿತ್ತು ಎಂಬುದನ್ನು ಆ 1-1 ಹೇಳುತ್ತದೆ.

ಇಲ್ಲೊಂದು ಮಾತು ಬರಬೇಕು. ಅದೇ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಆಟಗಾರರು ಯೂರೋಪಿನ ಕ್ಲಬ್ಬುಗಳ ಬಾಗಿಲು ತಟ್ಟತೊಡಗಿದ್ದರು. 1949ರಲ್ಲಿ ನೈಜೀರಿಯದ ತಂಡ ಇಂಗ್ಲೆಂಡಿಗೆ ಪ್ರವಾಸ ಹೋಯಿತು, ಬಹುಪಾಲು ಆಟಗಾರರು ಬರಿಗಾಲಲ್ಲಿ. ನಮ್ಮವರು ಹಿಂದಿನ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಬಹುಪಾಲು ಬರಿಗಾಲಲ್ಲೇ. ಅಲ್ಲಿ ಫ್ರಾನ್ಸಿನ ಮೇಲೆ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನೈಜೀರಿಯದ ಆ ತಂಡದಲ್ಲಿದ್ದ ಟೆಸ್ಲಿಮ್ ಬಲೋಗುನ್ 1955ರಲ್ಲಿ, ಅಂದರೆ ತಂಬಿಗಳು ಡ್ಯುರಾಂಡ್ ಗೆದ್ದ ವರ್ಷವೇ, ಮತ್ತೆ ಇಂಗ್ಲೆಂಡಿಗೆ ಹೋಗಿ ಪೀಟರ್‌ಬರೋ ಯುನೈಟೆಡ್ ಸೇರಿದರು. ಮರುವರ್ಷ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಪರವಾಗಿ ಲೀಗ್ ಪಂದ್ಯಕ್ಕಿಳಿದು ಗೋಲು ಹೊಡೆದರು. ಇಂಗ್ಲಿಷ್ ಲೀಗ್‌ನಲ್ಲಿ ವೃತ್ತಿಪರನಾಗಿ ಆಡಿದ ಮೊದಲ ನೈಜೀರಿಯನ್ ಅವರು. ಘಾನಾದ ಚಾರ್ಲ್ಸ್ ಕುಮಿ ಗ್ಯಾಂಫಿ 1960ರಲ್ಲಿ ಜರ್ಮನಿಯ ಫೋರ್ಟುನಾ ಡ್ಯುಸೆಲ್‌ಡಾರ್ಫ್ ಸೇರಿದರು. ಊರಿಗೆ ಮರಳಿದ ಮೇಲೆ ಕೋಚ್ ಆಗಿ ಘಾನಾಕ್ಕೆ ಮೂರು ಬಾರಿ ಆಫ್ರಿಕಾ ಕಪ್ ಗೆದ್ದುಕೊಟ್ಟರು.

ನೈಜೀರಿಯದ ಲಾಗೋಸಿನಲ್ಲೂ ಆಟ ಬೆಳೆದದ್ದು ರೈಲ್ವೆ, ಬಂದರು, ವ್ಯಾಪಾರಿ ಕಂಪನಿಗಳ ತಂಡಗಳಲ್ಲಿ. ಅಲ್ಲಿಯವರೆಗೆ ಎರಡೂ ಕಡೆಯ ಕತೆ ಒಂದೇ. ನಂತರ ದಾರಿ ಕವಲಾಯಿತು. ಅವರಿಗೆ ಮೇಲಿನ ಮೆಟ್ಟಿಲು ಯೂರೋಪಿನಲ್ಲಿತ್ತು, ನಮ್ಮವರಿಗೆ ಕಲ್ಕತ್ತೆಯಲ್ಲಿ. ಕಲ್ಕತ್ತೆಯ ಮೂರು ದೊಡ್ಡ ಕ್ಲಬ್ಬುಗಳು ಹೆಸರು, ಜನ, ಕೈಗೊಂದು ನೌಕರಿ ಎಲ್ಲವನ್ನೂ ಕೊಡುತ್ತಿದ್ದವು. ಹೊರಗೆ ಹೋಗಿ ವೃತ್ತಿಪರನಾಗಿ ಸಹಿ ಹಾಕಿದರೆ ಆಗಿನ ನಿಯಮದಂತೆ ಒಲಿಂಪಿಕ್ಸ್‌ನ ಬಾಗಿಲು ಮುಚ್ಚುತ್ತಿತ್ತು; ಭಾರತದ ಆಟಗಾರನಿಗೆ ಒಲಿಂಪಿಕ್ಸ್‌ಗಿಂತ ದೊಡ್ಡ ವೇದಿಕೆ ಇರಲಿಲ್ಲ. 1936ರಲ್ಲೇ ಕಲ್ಕತ್ತೆಯ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಪರವಾಗಿ, ಕಾಲಿಗೆ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಆಡಿ ಮೆಚ್ಚುಗೆ ಪಡೆದಿದ್ದರು. ಊರ ಹಂಬಲ ತಾಳಲಾರದೆ ಹಿಂದಿರುಗಿದರು. ಆ ದಾರಿಯಲ್ಲಿ ಅವರ ಹಿಂದೆ ಹೋದವರು ಬಹಳ ಕಾಲ ಯಾರೂ ಇರಲಿಲ್ಲ. ತಂಗರಾಜ್‌ರಂಥ ಗೋಲ್‌ಕೀಪರ್ ಯೂರೋಪಿನ ಒಂದು ಕ್ಲಬ್ಬಿನಲ್ಲಿ ಎರಡು ಋತು ಆಡಿದ್ದರೆ ನಮ್ಮ ಆಟದ ಗತಿಯೇ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ. ಬಲೋಗುನ್ ಹಿಂದೆ ಒಂದು ಖಂಡವೇ ಹೊರಟಿತಲ್ಲ.

ತಂಗರಾಜ್ ಸೈನ್ಯದಲ್ಲಿದ್ದಾಗಲೇ ಸರ್ವಿಸಸ್ ತಂಡದ ನಾಯಕರಾಗಿ ಅದಕ್ಕೆ ಮೊದಲ ಸಂತೋಷ್ ಟ್ರೋಫಿ ತಂದುಕೊಟ್ಟರು. 1960-61ರ ಸಾಲಿನ ಆ ಫೈನಲ್ ನಡೆದದ್ದು ಕೋಯಿಕ್ಕೋಡಿನಲ್ಲಿ, ಸೋತದ್ದು ಬಂಗಾಳ. ಆಮೇಲೆ ಪಟಾಲಂ ಬಿಟ್ಟು ಕಲ್ಕತ್ತೆಗೆ ಹೋದರು. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರರಲ್ಲೂ ಆಡಿದರು.

ಅವರ ಬಾಳಿನ ಅತಿ ದೊಡ್ಡ ದಿನ 1962ರ ಸೆಪ್ಟೆಂಬರ್ 4, ಜಕಾರ್ತ. ಏಷ್ಯನ್ ಗೇಮ್ಸ್ ಫೈನಲ್, ಎದುರು ದಕ್ಷಿಣ ಕೊರಿಯ. ಇದೇ ಕೊರಿಯ ಗುಂಪಿನ ಪಂದ್ಯದಲ್ಲಿ ಭಾರತವನ್ನು 2-0ರಿಂದ ಸೋಲಿಸಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೊನೇಷ್ಯ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಬಹಿರಂಗವಾಗಿ ಆಕ್ಷೇಪಿಸಿದ್ದರಿಂದ ಊರೇ ಭಾರತದ ಮೇಲೆ ಸಿಟ್ಟಾಗಿತ್ತು. ತುಂಬಿದ ಸೇನಾಯನ್ ಕ್ರೀಡಾಂಗಣ ನಮ್ಮ ರಾಷ್ಟ್ರಗೀತೆಯ ಹೊತ್ತಿಗೂ ಕೂಗಾಡಿತು. ತಂಡದ ಸ್ಥಿತಿಯೂ ನೆಟ್ಟಗಿರಲಿಲ್ಲ. ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ತಂಗರಾಜ್ ಜ್ವರದಿಂದ ಮಲಗಿದ್ದರು. ಹಿಂದಿನ ಪಂದ್ಯಗಳಲ್ಲಿ ಗೋಲು ಕಾದವರು ಪ್ರದ್ಯುತ್ ಬರ್ಮನ್. ಕೋಚ್ ರಹೀಮ್ ದೇಹದಲ್ಲಿ ಕ್ಯಾನ್ಸರ್ ಇತ್ತು.

ರಹೀಮ್ ಆ ದಿನ ಎರಡು ತೀರ್ಮಾನ ಮಾಡಿದರು. ಬ್ಯಾಕ್ ಆಗಿದ್ದ ಜರ್ನೈಲರನ್ನು ಮುಂದೆ ತಂದು ಫಾರ್ವರ್ಡ್ ಆಡಿಸಿದರು. ಕೊರಿಯದವರು ಚೆಂಡನ್ನು ಎತ್ತರಿಸಿ ಆಡುತ್ತಾರೆ, ಅದಕ್ಕೆ ಎತ್ತರದ ಗೋಲ್‌ಕೀಪರೇ ಬೇಕು ಎಂದು, ಆಗಷ್ಟೇ ಜ್ವರ ಬಿಟ್ಟಿದ್ದ ತಂಗರಾಜ್‌ರನ್ನು ಇಳಿಸಿದರು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು, 20ನೇ ನಿಮಿಷಕ್ಕೆ ಹೊಲಿಗೆ ಹಾಕಿದ ತಲೆಯ ಜರ್ನೈಲರದ್ದು. ಉಳಿದ ಒಂದು ಗಂಟೆಗೂ ಮಿಕ್ಕಿದ ಹೊತ್ತು ಕೊರಿಯದ ದಾಳಿಯನ್ನು ತಡೆಯುವ ಕೆಲಸ. 85ನೇ ನಿಮಿಷದಲ್ಲಿ ಒಂದು ಗೋಲು ಬಿಟ್ಟುಕೊಟ್ಟರು, ಎರಡನೆಯದನ್ನು ಕೊಡಲಿಲ್ಲ. 2-1. ಒಂದು ಲಕ್ಷದಷ್ಟು ಜನ ಎದುರಾಗಿ ಕೂತಿದ್ದ ಆ ಕ್ರೀಡಾಂಗಣದಲ್ಲಿ ಭಾರತಕ್ಕೆ ಜೈ ಅಂದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ತಂಡದವರು ಕೊನೆಯವರೆಗೂ ನೆನೆಯುತ್ತಿದ್ದರು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತ ಗೆದ್ದ ಕೊನೆಯ ಚಿನ್ನ ಅದು. ರಹೀಮ್ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಚೀನಾದ ಯುದ್ಧದಿಂದಾಗಿ 1962ರಲ್ಲಿ ಡ್ಯುರಾಂಡ್ ನಡೆಯಲೇ ಇಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. 1964ರಲ್ಲಿ ಇಸ್ರೇಲಿನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಾಗಲೂ ಗೋಲು ಕಾದವರು ತಂಗರಾಜ್. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1971ರಲ್ಲಿ ಆಟ ನಿಲ್ಲಿಸಿ ತರಬೇತಿಯ ಕಡೆ ಹೊರಳಿದರು. 2008ರ ನವೆಂಬರ್ 24ರಂದು, ವೆಲಿಂಗ್ಟನ್‌ನಿಂದ ಬಹಳ ದೂರದ ಬೊಕಾರೊದಲ್ಲಿ, 72ನೆಯ ವಯಸ್ಸಿನಲ್ಲಿ ತೀರಿಕೊಂಡರು.

1958ರ ನಂತರ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಡ್ಯುರಾಂಡ್ ಗೆದ್ದಿಲ್ಲ. ತಂಗರಾಜ್ ದೊಡ್ಡವರಾದ್ದರಿಂದ ಅವರ ಹೆಸರು ಉಳಿಯಿತು. ಆ ಎರಡು ಫೈನಲ್‌ಗಳಲ್ಲಿ ಅವರ ಮುಂದೆ ನಿಂತು ಆಡಿದ ಉಳಿದ ತಂಬಿಗಳ ಹೆಸರು ಜನರ ಬಾಯಲ್ಲಿ ಉಳಿದಿಲ್ಲ. ಅವರಲ್ಲಿ ಹಲವರು ಪಿಂಚಣಿ ಹಿಡಿದು ಊರು ಸೇರಿದ ಸಿಪಾಯಿಗಳು. ಬೆಂಗಳೂರಿನ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳಲ್ಲಿ, ಕೋಲಾರದ ಚಿನ್ನದ ಗಣಿಯ ಲೈನುಗಳಲ್ಲಿ, ಮೈಸೂರಿನಲ್ಲಿ, ನೀಲಗಿರಿಯ ಹಟ್ಟಿಗಳಲ್ಲಿ ಸೈನ್ಯದಲ್ಲಿ ಫುಟ್‌ಬಾಲ್ ಆಡಿದ ತಾತಂದಿರ ಮನೆಗಳಿವೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಪಟಾಲಮಿನ ತಂಡದ ಫೋಟೊ ಇದ್ದರೆ, ಸಾಲಾಗಿ ಕೂತವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ, ಅದರ ಹಿಂದೆ ಹೆಸರುಗಳನ್ನೂ ವರ್ಷವನ್ನೂ ಬರೆದಿಡಿ.